ಪರಿಷತ್ ಚುನಾವಣೆಗೆ ನಮ್ಮತ್ತೆ ಬರೆದ ‘ಒಂದು’

ಆ ಶುಕ್ರವಾರ ಬೆಳಿಗ್ಗೆ ಎದ್ದವಳೇ ನಾನು ಮೊದಲು ಮಾಡಿದ್ದು, ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮುಟ್ಟಿ ನೋಡುವ ಕೆಲಸ. ಚಳಿಗಾಲದಲ್ಲಿ ದೊಡ್ಡಬಳ್ಳಾಪುರದ ಸುತ್ತಿನ ಹೆಂಗಸರ ದಿನ ಶುರುವಾಗುವುದು ಹೀಗೆಯೇ. ಕಾಳು ಸರಿಯಾಗಿ ಉಬ್ಬಿದ್ದರೆ ಎರಡು ಬೆರಳ ನಡುವೆ ಒತ್ತಿದ ಕೂಡಲೇ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ಉಬ್ಬದಿದ್ದರೆ ಇಡೀ ದಿನ ಹೆಬ್ಬೆರಳು ನೋಯುತ್ತದೆ. ಅಂದು ಚೆನ್ನಾಗಿ ಉಬ್ಬಿತ್ತು. ಹೊಸಿಲು ತೊಳೆದು ಅರಿಶಿನ ಹಚ್ಚಿದೆ, ರಂಗೋಲಿ ಎಳೆದೆ, ಡೈರಿಗೆ ಹಾಲು ಹಾಕಿ ಬಂದೆ, ನಮ್ಮವರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ನಮ್ಮವರು ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಕಂಪನಿ ಬಸ್ಸು ಕೆರೆ ಏರಿಯ ಮೇಲೆ ಹಾರನ್ ಹಾಕಿತೆಂದರೆ ಬೂಟಿನ ದಾರ ಕಟ್ಟದೆಯೇ ಓಡುವವರು. ಅಂದು ಮಾತ್ರ ಬಾಗಿಲಲ್ಲಿ ನಿಂತರು.

“ಅಮ್ಮನ್ನ ಹುಷಾರಾಗಿ ಕರ್ಕೊಂಡು ಹೋಗು. ಅಲ್ಲಿ ಯಾರು ಏನು ಕೇಳಿದ್ರೂ ನಗು, ಅಷ್ಟೆ. ಬಾಯಿ ಬಿಡ್ಬೇಡ.”

ಬಾಯಿ ಬಿಡದೆ ನಗುವುದನ್ನು ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಕಲಿತವಳು ನಾನು. ಆಗಲಿ ಎಂದೆ.

ನಡುಮನೆಯಲ್ಲಿ ಅತ್ತೆ ಸ್ನಾನ ಮುಗಿಸಿ, ಹೂ ಮುಡಿದು, ಉಟ್ಟ ಸೀರೆಯನ್ನು ಮತ್ತೆ ಬಿಚ್ಚುತ್ತಿದ್ದರು. ಮಂಚದ ಮೇಲೆ ಸೀರೆಗಳ ರಾಶಿ. ಯಾವ ಬಣ್ಣ ತೆಗೆದರೂ ಅದು ನಮ್ಮ ನೆಂಟರಲ್ಲಿ ಯಾರಾದರೊಬ್ಬರ ಪಕ್ಷದ ಬಾವುಟದಲ್ಲಿ ಇದ್ದೇ ಇತ್ತು.

“ಹುಡುಗಿ, ಇದ್ರಲ್ಲಿ ಯಾರು ಕಾಣ್ತಾರೆ ನೋಡು.”

“ಅಂಚಿನಲ್ಲಿ ಸ್ವಲ್ಪ ಬೀಗರು ಕಾಣ್ತಾರೆ ಅತ್ತೆ.”

“ಥೂ! ಇದು?”

“ಸೆರಗು ಪೂರ್ತಿ ಮಾವನೇ.”

ಕೊನೆಗೆ ಕಾಫಿಪುಡಿ ಬಣ್ಣದ ಹಳೆಯ ಸೀರೆಯೊಂದು ಪೆಟ್ಟಿಗೆಯ ತಳದಿಂದ ಮೇಲೆ ಬಂತು. ಕಾಫಿಪುಡಿಗೆ ನಮ್ಮ ಜಿಲ್ಲೆಯಲ್ಲಿ ಯಾವ ಪಕ್ಷವೂ ಇರಲಿಲ್ಲ.

ಅಂದು ವಿಧಾನ ಪರಿಷತ್ತಿನ ಚುನಾವಣೆ. ಮೇಲ್ಮನೆ ಎನ್ನುತ್ತಾರಲ್ಲ, ಅದು. ಅಲ್ಲಿಯ ಆ ಒಂದು ಸ್ಥಾನಕ್ಕೆ ನನ್ನಂಥವರ ಮತ ಬೇಕಾಗಿಲ್ಲ. ಮತ ಹಾಕುವವರು ಊರೂರಿನ ಪಂಚಾಯ್ತಿ ಸದಸ್ಯರು. ನಮ್ಮತ್ತೆ ಪಂಚಾಯ್ತಿ ಸದಸ್ಯೆ. ನಮ್ಮ ಬೀದಿಯ ಸ್ಥಾನ ಹೆಂಗಸರಿಗೆ ಮೀಸಲಾದಾಗ ಗಂಡಸರೆಲ್ಲ ತಂತಮ್ಮ ಹೆಂಡತಿಯರನ್ನು ನಿಲ್ಲಿಸಲು ಹೊರಟು, ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ, ಕೊನೆಗೆ ಯಾರ ಮನೆಯೊಂದಿಗೂ ಜಗಳವಿಲ್ಲದ ಹೆಂಗಸು ಇವರೊಬ್ಬರೇ ಎಂದು ಅತ್ತೆಯನ್ನು ಅವಿರೋಧವಾಗಿ ಆರಿಸಿದ್ದರು. ಅತ್ತೆಗೆ ಯಾರೊಂದಿಗೂ ಜಗಳವಿಲ್ಲದ್ದಕ್ಕೆ ಕಾರಣವೊಂದಿತ್ತು. ತಮ್ಮ ಮನೆಯಲ್ಲಿ ಊಟಕ್ಕೆ ಕೂತವರ ಮುಂದೆ ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುವುದಿಲ್ಲ. ಅನ್ನ ಉಣ್ಣುವವರಿಗೆ ಇಲ್ಲ ಎಂದರೆ ತುತ್ತು ಗಂಟಲಲ್ಲಿ ನಿಲ್ಲುತ್ತದಂತೆ. ಈ ಒಳ್ಳೆಯತನವೇ ಅವರನ್ನು ಸಿಕ್ಕಿಹಾಕಿಸಿದ್ದು.

ಈ ಚುನಾವಣೆಯಲ್ಲಿ ಗುಂಡಿ ಒತ್ತುವುದಿಲ್ಲ, ಮುದ್ರೆಯನ್ನೂ ಒತ್ತುವುದಿಲ್ಲ. ಕಾಗದದ ಮೇಲೆ ಅಭ್ಯರ್ಥಿಗಳ ಹೆಸರು, ಫೋಟೋ ಇರುತ್ತವೆ. ಯಾರನ್ನು ಎಲ್ಲರಿಗಿಂತ ಮೊದಲು ಬೇಕೆನ್ನುತ್ತೀರೋ ಅವರ ಮುಂದೆ 1 ಎಂದು ಬರೆಯಬೇಕು. ಮನಸ್ಸಿದ್ದರೆ ಇನ್ನೊಬ್ಬರಿಗೆ 2, ಮತ್ತೊಬ್ಬರಿಗೆ 3. ಪ್ರಾಶಸ್ತ್ಯದ ಮತ ಎಂದು ಅದಕ್ಕೆ ಹೆಸರು. ಆದರೆ ಎರಡಕ್ಕೂ ಮೂರಕ್ಕೂ ಯಾರೂ ಸೊಪ್ಪು ಹಾಕುವುದಿಲ್ಲ. ಎಲ್ಲರಿಗೂ ಒಂದೇ ಬೇಕು. ಆ ತಿಂಗಳು ನಮ್ಮ ಬೀದಿಗೆ ಬಂದ ಕಾರುಗಳನ್ನು ನೋಡಬೇಕಿತ್ತು. ರಾಗಿ ಕೊಯ್ಲಿನ ಕಾಲ. ಒಕ್ಕುವುದಕ್ಕೆಂದು ರಸ್ತೆಯ ಮೇಲೆ ತೆನೆ ಹರಡಿದ್ದೆವು. ಮುಖಂಡರು ಬಂದು ಹೋದ ಭರಾಟೆಗೆ ಆ ವರ್ಷ ನಮ್ಮೂರಿನ ಒಕ್ಕಣೆ ಎಂದಿಗಿಂತ ಮೊದಲೇ ಮುಗಿಯಿತು. ನಮ್ಮ ಮನೆಯ ಮುಂದಿನ ರಾಗಿಯಂತೂ ಹಸನಾಗಿ ಉದುರಿತ್ತು.

ಕಣದಲ್ಲಿದ್ದದ್ದು ಮೂರು ಪಕ್ಷ. ಅವುಗಳಿಗೆ ದೊಡ್ಡ ದೊಡ್ಡ ಹೆಸರುಗಳಿದ್ದವು, ಆದರೆ ನಮ್ಮ ಅಡುಗೆಮನೆಯಲ್ಲಿ ಅವನ್ನು ಕರೆಯುತ್ತಿದ್ದುದು ಬೀಗರ ಪಕ್ಷ, ಮಾವನ ಪಕ್ಷ, ಪಕ್ಕದ ಮನೆ ಪಕ್ಷ ಎಂದು. ಬೀಗರು ಎಂದರೆ ನನ್ನ ನಾದಿನಿಯ ಮಾವನವರು, ಹೊಸಕೋಟೆ ಕಡೆಯವರು. ಮಾವ ಎಂದರೆ ಅತ್ತೆಯ ಸ್ವಂತ ತಮ್ಮ. ಪಕ್ಕದ ಮನೆಯೆಂದರೆ ಪಕ್ಕದ ಮನೆಯೇ. ಅಲ್ಲಿಯ ಯಜಮಾನರು ಮೂರನೆಯ ಪಕ್ಷದ ಹೋಬಳಿ ಮುಖಂಡರು, ಅವರ ಹೆಂಡತಿ ಅತ್ತೆಯಂತೆಯೇ ಪಂಚಾಯ್ತಿ ಸದಸ್ಯೆ. ಈ ಮೂರರ ಜೊತೆಗೆ ಪಕ್ಷವೇ ಇಲ್ಲದ ಒಬ್ಬ ಹೆಂಗಸೂ ನಿಂತಿದ್ದಳು. ಒಂದು ಮಧ್ಯಾಹ್ನ ಶೇರ್ ಆಟೋದಲ್ಲಿ ಬಂದು ಇಳಿದು, ನಮ್ಮ ಜಗುಲಿಯ ಮೇಲೆ ಕೂತು, ಮತ ಕೇಳುತ್ತಲೇ ಮೊರದಲ್ಲಿದ್ದ ಅವರೆಕಾಯಿಯನ್ನೆಲ್ಲ ಬಿಡಿಸಿಕೊಟ್ಟಳು. ಕಾಫಿ ಕುಡಿದ ಲೋಟವನ್ನು ಯಾರೂ ಹೇಳದೆ ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕಿ ಹೋದಳು. ಮಿಕ್ಕ ಮೂರು ಪಕ್ಷದವರು ಕುಡಿದ ಲೋಟಗಳನ್ನು ನಾನು ಜಗುಲಿಯಲ್ಲಿ, ತುಳಸಿಕಟ್ಟೆಯಲ್ಲಿ, ಒಮ್ಮೆ ಅವರ ಕಾರಿನ ಬಾನೆಟ್ಟಿನ ಮೇಲಿನಿಂದ ಹುಡುಕಿ ತಂದದ್ದುಂಟು.

ಪಕ್ಕದ ಮನೆ ಪಕ್ಷದವರು ಸದಸ್ಯರನ್ನೆಲ್ಲ ನಂದಿ ಬೆಟ್ಟದ ತಪ್ಪಲಿನ ಒಂದು ರೆಸಾರ್ಟಿಗೆ ಕರೆದೊಯ್ದರು. ಮೂರು ದಿನಕ್ಕೆಂದು ಹೋದ ಅತ್ತೆ ಮರುದಿನವೇ ಬ್ಯಾಗು ಹಿಡಿದು ವಾಪಸ್ಸು.

“ಯಾಕತ್ತೆ?”

“ಆ ಹಾಸ್ಗೆ ಮ್ಯಾಲೆ ಮಲಗಿದ್ರೆ ಬಿಸಿ ಮುದ್ದೆಯೊಳಗೆ ಬಿದ್ದಂಗೆ ಕಣಮ್ಮ. ಬೆಳಗ್ಗೆದ್ದು ನನ್ ಕಾಲು ಎಲ್ಲವೆ ಅಂತ ತಡಕಾಡಿದೆ. ಅದೂ ಸಾಲ್ದು ಅಂತ ತಿಂಡಿಗೆ ಹೋದ್ರೆ, ನೀನೇ ಬಡಿಸ್ಕೋ ಅಂತಾರೆ. ನಾಕು ಜನ ನಿಂತವ್ರೆ ಟೋಪಿ ಹಾಕ್ಕೊಂಡು, ಒಬ್ಬನಾದ್ರೂ ಬಡಿಸ್ಬಾರ್ದಾ?”

ಇದೆಲ್ಲ ನಗುವ ಮಾತಾಯಿತು. ನಗಲಾಗದ ಮಾತು ಇನ್ನೊಂದಿತ್ತು.

ನಾದಿನಿಗೆ ಏಳು ತಿಂಗಳು. ಮುಂದಿನ ಗುರುವಾರ ನಮ್ಮ ಮನೆಯಲ್ಲಿ ಅವಳಿಗೆ ಬಳೆ ತೊಡಿಸುವ ಶಾಸ್ತ್ರ. ಆ ಶಾಸ್ತ್ರಕ್ಕೆ ಬೀಗರು ಬರಲೇಬೇಕು. ಹಸಿರು ಬಳೆ, ಸೀರೆ, ಹೂವು ತರುವ ಸೋದರಮಾವ ಇಲ್ಲದೆ ಅದು ನಡೆಯುವಂತೆಯೇ ಇಲ್ಲ. ಆದರೆ ಬೀಗರೂ ಮಾವನೂ ನಾದಿನಿಯ ಮದುವೆಯ ದಿನದಿಂದ ಮಾತು ಬಿಟ್ಟಿದ್ದರು. ಅವರವರ ಪಕ್ಷದ ಮುಖಂಡರು ಒಂದೇ ಹೊತ್ತಿಗೆ ಆರತಕ್ಷತೆಗೆ ಬಂದಿಳಿದು, ಯಾರ ಮುಖಂಡರು ಮೊದಲು ವೇದಿಕೆ ಹತ್ತಬೇಕೆಂದು ಇವರಿಬ್ಬರೂ ಮೆಟ್ಟಿಲ ಮೇಲೆ ಹಟ ಹಿಡಿದು ನಿಂತು, ಅಷ್ಟರಲ್ಲಿ ಕೇಟರಿಂಗಿನವನು ಐಸ್‌ಕ್ರೀಮ್ ತಟ್ಟೆ ಹಿಡಿದು ಇಬ್ಬರ ಮಧ್ಯೆ ನುಸುಳಿ ಮೊದಲು ಹತ್ತಿದ. ಆಮೇಲೆ ಅವರು ಒಂದೇ ಮನೆಯಲ್ಲಿ ಕೂತರೂ ಬೇರೆ ಬೇರೆ ಗೋಡೆ ನೋಡುತ್ತಾರೆ. ಅತ್ತೆ ತಿಂಗಳುಗಟ್ಟಲೆ ಹೇಳಿ, ಅತ್ತು, ಗುರುವಾರ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆಂದು ಒಪ್ಪಿಸಿದ್ದರು. ಅದರ ಬೆನ್ನಿಗೇ ಚುನಾವಣೆ ಬಂತು.

ಮೊದಲು ಬೀಗರು ಬಂದರು. ಅತ್ತೆ ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿದರು. ಬೀಗರು ಎರಡನೇ ಮುದ್ದೆ ಮುರಿಯುತ್ತಾ, “ಬೀಗ್ತಿಯವ್ರೆ, ನಿಮ್ ಒಂದು ನಮ್ಗೇ ತಾನೆ?” ಎಂದರು. ಊಟಕ್ಕೆ ಕೂತವರು. ಅತ್ತೆ, “ಇನ್ಯಾರಿಗೆ ಕೊಡಾನ,” ಎಂದರು. ನಾಲ್ಕು ದಿನ ಬಿಟ್ಟು ಮಾವ ಬಂದರು. ಅದೇ ಮಣೆ, ಅದೇ ಸಾರು. “ಅಕ್ಕಯ್ಯ, ಒಂದು ಯಾರಿಗೆ?” ಅತ್ತೆ ನನ್ನ ಮುಖ ನೋಡಿದರು. ನಾನು ಸೌಟು ನೋಡಿದೆ. “ನೀನಿರುವಾಗ ಇನ್ಯಾರಿಗ್ಲಾ,” ಎಂದರು ಅತ್ತೆ.

ಮಾವ ಹೋದ ಮೇಲೆ, “ಈಗೇನ್ಮಾಡ್ತೀರಿ ಅತ್ತೆ?” ಎಂದೆ.

“ಇಬ್ರಿಗೂ ಒಂದೊಂದು ಬರೆದ್ರೆ?”

“ಹಂಗೆ ಬರೆದ್ರೆ ಮತ ಕೆಟ್ಟೋಗ್ತದೆ.”

“ಒಬ್ರಿಗೆ ಒಂದು, ಒಬ್ರಿಗೆ ಎರಡು ಹಾಕಿದ್ರೆ?”

“ಎರಡು ಸಿಕ್ಕವರು ಗುರುವಾರ ಬರ್ತಾರಾ?”

ಅಂದಿನಿಂದ ಅತ್ತೆಯದು ಮೊರದಲ್ಲಿ ರಾಗಿ ಹಿಟ್ಟು ಹರಡಿ, ಬೆರಳಿನಿಂದ 1 ಬರೆಯುವುದು, ಅಳಿಸುವುದು. ನಾಲ್ಕನೇ ಕ್ಲಾಸಿಗೆ ಬಿಟ್ಟ ವಿದ್ಯೆ. ನೆಟ್ಟಗೆ ಬರಲೆಂದು ಅಭ್ಯಾಸ. ಯಾರ ಮುಂದೆ ಬರೆಯುತ್ತಾರೆಂದು ನನಗೂ ಹೇಳಲಿಲ್ಲ. ಸಿಸ್ಟರುಗಳು ಪ್ರಶ್ನೆಪತ್ರಿಕೆಯ ಸೂಚನೆಗಳನ್ನೆಲ್ಲ ಮೊದಲು ಓದಿ ಎನ್ನುತ್ತಿದ್ದರಲ್ಲ, ಅದೇ ಅಭ್ಯಾಸದಿಂದ ನಾನು ಸದಸ್ಯರಿಗೆ ಹಂಚಿದ್ದ ನಿಯಮಗಳನ್ನು ಅತ್ತೆಗೆ ಒಂದೊಂದಾಗಿ ಓದಿ ಹೇಳಿದೆ. ಅಲ್ಲಿಟ್ಟ ನೇರಳೆ ಪೆನ್ನಿನಿಂದಲೇ ಬರೆಯಬೇಕು ಎಂಬಲ್ಲಿ ತಲೆಯಾಡಿಸಿದರು. ಅಂಕಿಯಲ್ಲೇ ಬರೆಯಬೇಕು ಎಂಬಲ್ಲಿ ಆಕಳಿಸಿದರು. ಅದರ ಮುಂದಿನ ನಿಯಮ ಓದುವ ಹೊತ್ತಿಗೆ ಗೊರಕೆ ಕೇಳಿತು. ನಾನು ಕೊನೆಯ ಸಾಲಿನವರೆಗೂ ಓದಿದೆ, ಗೋಡೆಗೆ.

ಶುಕ್ರವಾರ ನಾವು ಹೊರಡುವ ಹೊತ್ತಿಗೆ ನಾದಿನಿಯ ಫೋನ್ ಬಂತು.

“ಅತ್ತಿಗೆ, ಅಮ್ಮ ಯಾರಿಗೆ ಹಾಕ್ತಾಳೆ?”

“ನಂಗೂ ಹೇಳಿಲ್ಲ ಕಣೇ.”

“ನಮ್ಮಾವನೋರು ಬೆಳಗ್ಗೇನೇ ಅಲ್ಲಿಗೆ ಹೊರಟವ್ರೆ, ಹೊರಡೋ ಮುಂಚೆ ಎಂಟು ಸಲ ಅಂದ್ರು, ಬೀಗ್ತಿ ಮಾತು ಅಂದ್ರೆ ಮಾತು ಅಂತ. ಅಲ್ಲಿ ಮಾವ ಏನಂತಾನೆ?”

“ಅವರೂ ಅದೇ ಅಂತಾರೆ.”

“ಹಾಳಾಗ್ಲಿ ಈ ಎಲೆಕ್ಷನ್ನು,” ಎಂದಳು. ಆಮೇಲೆ ದನಿ ಇಳಿಸಿ, “ಅತ್ತಿಗೆ, ಯಾರು ಗೆದ್ರೂ ಸರಿ. ಗುರುವಾರ ಇಬ್ರೂ ಬರೋ ಹಂಗೆ ನೋಡ್ಕೊಳ್ಳಿ. ಮಾವ ಇಲ್ದೆ ನಾನು ಬಳೆ ತೊಡಲ್ಲ, ನಮ್ಮಾವನೋರು ಬರ್ದೆ ಇಲ್ಲಿಂದ ನನ್ನನ್ನ ಕಳಿಸಲ್ಲ.”

ಪಂಚಾಯ್ತಿ ಕಚೇರಿಯ ಮುಂದೆ ಜಾತ್ರೆಯಷ್ಟು ಜನ, ಮತದಾರರು ಮಾತ್ರ ಹಿಡಿಯಷ್ಟು. ದೂರದಲ್ಲೇ ಹಗ್ಗ ಕಟ್ಟಿದ್ದರು. ಪೊಲೀಸಪ್ಪ ನನ್ನನ್ನು ಅಲ್ಲೇ ನಿಲ್ಲಿಸಿದ. ಪಕ್ಕದ ಮನೆ ಅಕ್ಕ ಮತ್ತೆ ಮೂವರು ಸದಸ್ಯೆಯರು ಆಗಲೇ ಒಳಗಿನ ಸಾಲಿನಲ್ಲಿದ್ದರು. ಅತ್ತೆ ಹೋಗಿ ಅವರ ಜೊತೆ ಸೇರಿಕೊಂಡರು. ಐವರೂ ತಲೆಗೆ ತಲೆ ತಾಗಿಸಿ ಏನೋ ಗುಸುಗುಸು ಮಾತಾಡುತ್ತಿದ್ದುದು ಕಾಣುತ್ತಿತ್ತು. ಹಗ್ಗದ ಈಚೆ, ಒಂದು ಹೊಂಗೆ ಮರದ ಆ ಪಕ್ಕ ಬೀಗರು, ಈ ಪಕ್ಕ ಮಾವ. ಬೀಗರು ಹೊಸಕೋಟೆಯಿಂದ ಇದಕ್ಕೆಂದೇ ಬಂದಿದ್ದರು. ನಡುವೆ ನಾನು.

“ಏನಮ್ಮ, ಬೀಗ್ತಿಯವ್ರಿಗೆ ಒಂದು ಬರೆಯೋದು ಸರಿಯಾಗಿ ಕಲ್ಸಿದ್ದೀಯ ತಾನೆ?” ಎಂದರು ಬೀಗರು.

ನಕ್ಕೆ.

“ಅವ್ರಿಗೆ ಹೇಳಮ್ಮ,” ಎಂದರು ಮಾವ ಮರಕ್ಕೆ ಕೇಳುವಂತೆ, “ನಮ್ಮಕ್ಕ ಇಸ್ಕೂಲಿಗೆ ಹೋದೋಳು ಅಂತ.”

“ಹೋಗಿ ಕಲ್ತಿದ್ರೆ ಯಾರಿಗೆ ಹಾಕ್ಬೇಕು ಅನ್ನೋದು ಗೊತ್ತೇ ಇರ್ತದೆ ಅನ್ನು.”

“ಗೊತ್ತಿರೋದ್ಕೇ ಅವ್ರಿಗೆ ಹಾಕಲ್ಲ ಅನ್ನು.”

ನಗುತ್ತಲೇ ಇದ್ದೆ. ಕೆನ್ನೆ ನೋಯತೊಡಗಿತ್ತು. ಬೀಗರು ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು. ಮಂಗಳವಾರದ ಎಣಿಕೆಗೆ ಅವರು ತಮ್ಮ ಪಕ್ಷದ ಏಜೆಂಟು. “ಒಂದೊಂದು ಮತಪತ್ರಾನೂ ನನ್ನ ಕಣ್ಮುಂದೆ ಬಿಡಿಸ್ತಾರೆ ಕಣಮ್ಮ. ಅನುಮಾನ ಇರೋದನ್ನಂತೂ ಕೈಯಲ್ಲಿ ಎತ್ತಿ ಹಿಡಿದು ಎಲ್ರಿಗೂ ತೋರಿಸ್ತಾರೆ.”

ಮಾವನೂ ಜೇಬಿಗೆ ಕೈ ಹಾಕಿದರು. “ಅವ್ರಿಗೆ ಹೇಳು, ನಾನೂ ಏಜೆಂಟೇ. ಅದೇ ಟೇಬಲ್ಲು.”

ಅಷ್ಟರಲ್ಲಿ ಅತ್ತೆ ಹೊರಬಂದರು. ಇಬ್ಬರೂ ಅವರ ಮುಖ ನೋಡಿದರು, ತಮ್ಮ ತಮ್ಮ ಪಾಲಿನ ಒಂದನ್ನು ಅಲ್ಲಿ ಹುಡುಕುವವರಂತೆ. ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು, “ಆಯ್ತು ಕಣ್ರಪ್ಪ. ಗುರುವಾರ ಇಬ್ರೂ ಹೊತ್ತಿಗೆ ಮುಂಚೆ ಬಂದ್ಬಿಡಿ,” ಎಂದು ನನ್ನ ಕೈ ಹಿಡಿದು ಹೊರಟೇಬಿಟ್ಟರು. ಬೀಗರು ಮೀಸೆ ತಿರುವಿದರು. ಮಾವ ಹೆಗಲ ಮೇಲಿನ ಟವಲ್ಲು ಕೊಡವಿದರು. ಗೆದ್ದವರಂತೆ ಕಂಡರು, ಇಬ್ಬರೂ.

ಮನೆಗೆ ಬಂದು ಕಾಳು ಹಿತಕಲು ಕೂತೆವು. ಅತ್ತೆ ಬಹಳ ಹಗುರಾಗಿದ್ದರು.

“ಯಾರಿಗೆ ಹಾಕಿದ್ರಿ ಅತ್ತೆ? ನಂಗಾದ್ರೂ ಹೇಳಿ.”

ಅತ್ತೆ ಬಾಗಿಲ ಕಡೆ ನೋಡಿ, ಬಗ್ಗಿದರು. “ಲೋಟ ತೊಳೆದಿಟ್ಟು ಹೋಯ್ತಲ್ಲ, ಆ ಹೆಣ್ಮಗೀಗೆ.”

“ಅತ್ತೆ!”

“ಮತ್ತಿನ್ನೇನಮ್ಮ? ಬೀಗರಿಗೆ ಹಾಕಿದ್ರೆ ತಮ್ಮನಿಗೆ ಮೋಸ. ತಮ್ಮನಿಗೆ ಹಾಕಿದ್ರೆ ಬೀಗರಿಗೆ ಮೋಸ. ಇಬ್ರಿಗೂ ಹಾಕ್ದೆ ಹೋದ್ರೆ ಇಬ್ರಿಗೂ ಸಮ. ಪೆಟ್ಟಿಗೆಯೊಳಗೆ ಬಿದ್ದ ಮೇಲೆ ಯಾರದ್ದು ಅಂತ ಯಾರಿಗ್ ಗೊತ್ತಾಯ್ತದೆ? ಸಾವ್ರಾರು ಕಾಗ್ದ. ಚೆನ್ನಾಗೇ ಬರೆದೆ ಕಣೆ. ಮೇಲೆ ಶ್ರೀ ಹಾಕಿ, ಕೆಳಗೆ ಆ ಹೆಣ್ಮಗಿ ಮುಂದೆ ಒಂದು. ನೆಟ್ಟಗೆ ಬಂತು.”

ನನ್ನ ಬೆರಳ ನಡುವಿನ ಬೇಳೆ ಹಾರಿ ಎಲ್ಲಿಗೋ ಹೋಯಿತು.

ನಮ್ಮತ್ತೆ ಶ್ರೀ ಬರೆಯದೆ ಕಾಗದಕ್ಕೆ ಪೆನ್ನು ಮುಟ್ಟಿಸುವುದಿಲ್ಲ. ಹೊಸ ಕೆಲಸದ ಮೊದಲ ಅಕ್ಷರ ಶ್ರೀ ಆಗಿರಬೇಕು. ದಿನಸಿ ಚೀಟಿಯ ಮೇಲೆ ಶ್ರೀ, ಡೈರಿ ಕಾರ್ಡಿನ ಮೇಲೆ ಶ್ರೀ, ಗ್ಯಾಸ್ ಸಿಲಿಂಡರಿನ ರಸೀದಿಯ ಮೇಲೆ ಶ್ರೀ. ನನ್ನ ಮಗನ ಇಂಗ್ಲಿಷ್ ಮೀಡಿಯಂ ಶಾಲೆಯ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವ ಮುಂಚೆ ಶ್ರೀ ಬರೆದಿದ್ದಕ್ಕೆ ಟೀಚರ್ ನನ್ನನ್ನು ಕರೆಸಿ, ಇದು ಯಾವ ಗ್ರೇಡು ಎಂದು ಕೇಳಿದ್ದರು. ಮೊರದ ಹಿಟ್ಟಿನಲ್ಲಿ ಅವರು ಬರೆದದ್ದು ಬರೀ ಒಂದು, ಹಿಟ್ಟು ಕಾಗದವಲ್ಲವಲ್ಲ. ಹಾಗಾಗಿ ನನಗೆ ಹೊಳೆಯಲೇ ಇಲ್ಲ. ಗೊರಕೆಯ ಹೊತ್ತಿನಲ್ಲಿ ನಾನು ಗೋಡೆಗೆ ಓದಿದ ನಿಯಮ ಇದೇ: ಮತಪತ್ರದ ಮೇಲೆ ಅಂಕಿಯ ಹೊರತು ಬೇರೆ ಏನನ್ನೂ ಬರೆಯಬಾರದು, ಬರೆದರೆ ಅದನ್ನು ಎಣಿಸುವುದಿಲ್ಲ.

ಆದಷ್ಟು ಮೆತ್ತಗೆ ಹೇಳಿದೆ. ಅತ್ತೆಯ ಮುಖ ಮಗುವಿನದರಂತೆ ಆಯಿತು.

“ಕೆಟ್ಟೋಯ್ತಾ? ಶ್ರೀ ಬರೆದಿದ್ಕಾ?” ಎಂದರು. “ಶ್ರೀ ಬರೆದ್ರೆ ಕೆಡೋ ಕೆಲ್ಸ ಈ ಪರ್ಪಂಚದಾಗೆ ಯಾವುದೈತಮ್ಮ?”

ನಾನು ಹಾರಿದ ಬೇಳೆಯನ್ನು ಹುಡುಕತೊಡಗಿದೆ. “ಹೋಗ್ಲಿ ಬಿಡು,” ಎಂದು ಅವರೇ ಸಮಾಧಾನ ಮಾಡಿಕೊಂಡರು. “ಆ ಹೆಣ್ಮಗೀಗೆ ಒಂದು ಕಮ್ಮಿ ಆಯ್ತು, ಅಷ್ಟೆ. ಮನೇಗೇನೂ ತೊಂದ್ರೆ ಇಲ್ವಲ್ಲ.”

ತೊಂದರೆ ಇದ್ದದ್ದು ಅಲ್ಲಿಯೇ. ಕೆಟ್ಟ ಮತವನ್ನು ಸುಮ್ಮನೆ ಪಕ್ಕಕ್ಕೆ ಹಾಕುವುದಿಲ್ಲ. ಬೀಗರೇ ಹೇಳಿದ್ದರಲ್ಲ, ಕೈಯಲ್ಲಿ ಎತ್ತಿ ಹಿಡಿದು ತೋರಿಸುತ್ತಾರೆ. ಮಂಗಳವಾರ ಆ ಟೇಬಲ್ಲಿನ ಮುಂದೆ ಬೀಗರೂ ಮಾವನೂ ಕೂತಿರುತ್ತಾರೆ. ಮಾವ ಹುಟ್ಟಿದಾಗಿನಿಂದ ಅಕ್ಕನ ಶ್ರೀ ನೋಡಿ ಬೆಳೆದವರು. ಬೀಗರ ಮನೆಗೆ ಮಗಳ ಜೊತೆ ಹೋದ ಪಾತ್ರೆ, ಪೆಟ್ಟಿಗೆ, ಉಪ್ಪಿನಕಾಯಿ ಜಾಡಿಗಳ ಮೇಲೆಲ್ಲ ಚೀಟಿ ಅಂಟಿಸಿ ಅತ್ತೆ ಶ್ರೀ ಬರೆದಿದ್ದರು. ಇಡೀ ಕ್ಷೇತ್ರದಲ್ಲಿ ಶ್ರೀ ಬರೆದು ಮತ ಹಾಕುವ ಮನುಷ್ಯರು ಒಬ್ಬರೇ ಎಂದು ಇಬ್ಬರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಅದರ ಕೆಳಗೆ, ಪಕ್ಷವೇ ಇಲ್ಲದ ಆ ಹೆಂಗಸಿನ ಮುಂದೆ, ನೆಟ್ಟಗಿನ ಒಂದು.

ಇದನ್ನು ಹೇಳಿದಾಗ ಅತ್ತೆ ಹಿತಕುವುದನ್ನು ನಿಲ್ಲಿಸಿದರು. “ಗುರುವಾರ ಯಾರೂ ಬರಲ್ಲ,” ಎಂದರು ಮೆಲ್ಲಗೆ. “ಅದು ಅಳ್ತದೆ.” ಅದು ಎಂದರೆ ಮಗಳು.

ಮಧ್ಯಾಹ್ನವೆಲ್ಲ ನಾವಿಬ್ಬರೂ ಉಪಾಯ ಹುಡುಕಿದೆವು. ಎಣಿಕೆ ಮಂಗಳವಾರವಾದರೆ ಶಾಸ್ತ್ರವನ್ನೇ ಸೋಮವಾರಕ್ಕೆ ಎಳೆದುಬಿಡೋಣ ಎಂದು ಅತ್ತೆ ಪುರೋಹಿತರಿಗೆ ಫೋನ್ ಮಾಡಿಸಿದರು. “ಸೋಮವಾರವೇ? ದಿವ್ಯವಾದ ದಿನ ತಾಯಿ,” ಎಂದರು ಪುರೋಹಿತರು. “ಅದಕ್ಕೇ ಅವತ್ತು ನನಗೆ ಮೂರು ಗೃಹಪ್ರವೇಶ. ಗುರುವಾರವೇ ಇರಲಿ.” ಬೀಗರಿಗೆ ಮಂಗಳವಾರ ಹೊಟ್ಟೆ ಕೆಡುವಂತೆ ಸೋಮವಾರ ರಾತ್ರಿ ಏನಾದರೂ ಕಳಿಸಿಕೊಡಬಹುದೇ ಎಂದೂ ಅತ್ತೆ ಕೇಳಿದರು. ನಾನು ಗಾಬರಿಯಾಗಿ ನೋಡಿದೆ. “ಅವರೇಬೇಳೆ ಹೋಳಿಗೆ ಕಣೆ, ವಿಷ ಅಲ್ಲ,” ಎಂದರು. “ಹಂಗಿದ್ರೂ ತಮ್ಮನಿಗೆ ಏನೂ ಆಗಲ್ಲ. ಅವನು ಕಲ್ಲು ತಿಂದ್ರೂ ಅರಗಿಸ್ಕೊಂತಾನೆ.”

ಬಿಸಿಲು ಇಳಿಯುವ ಹೊತ್ತಿಗೆ ಎರಡು ಫೋನು ಬಂದವು. ಬೀಗರು: ಗುರುವಾರಕ್ಕೆ ಐದು ಥರದ ಸಿಹಿ ತರುತ್ತೇವೆ, ಮನಸ್ಸು ತುಂಬಿ ಬಂದಿದೆ. ಮಾವ: ಚಿಂತಾಮಣಿಯಿಂದ ಕನಕಾಂಬರ ಹೇಳಿದ್ದೇನೆ, ಬೀಗರಿಗೂ ಒಂದು ಪಂಚೆ ತೆಗೆದಿದ್ದೇನೆ, ಗೆದ್ದ ಮೇಲೆ ದೊಡ್ಡತನ ಇರಬೇಕು. ಒಂದೊಂದು ಫೋನಿಗೂ ಅತ್ತೆ ಇನ್ನಷ್ಟು ಕುಗ್ಗಿದರು. ಮಂಗಳವಾರ ಇನ್ನೂ ಬಂದಿರಲಿಲ್ಲ, ಇಬ್ಬರೂ ಆಗಲೇ ಒಬ್ಬರನ್ನೊಬ್ಬರು ಕ್ಷಮಿಸಿಯಾಗಿತ್ತು. ದೇವರ ಮುಂದೆ ದೀಪ ಹಚ್ಚಿ ಅತ್ತೆ ಅಲ್ಲೇ ಗೋಡೆಗೊರಗಿ ಕೂತರು. ಸಾರಿನ ಒಗ್ಗರಣೆಯ ವಾಸನೆಗೂ ಏಳಲಿಲ್ಲ. ಕೊನೆಗೆ, “ನಾನೇ ಇಬ್ರಿಗೂ ಹೇಳ್ಬಿಡ್ತೀನಿ. ಅಲ್ಲಿ ನೋಡಿ ಉರ್ಕೊಳ್ಳೋದ್ಕಿಂತ ನನ್ ಬಾಯಿಂದ ಕೇಳ್ಲಿ. ಬೈದ್ರೆ ಬೈಲಿ. ಫೋನ್ ಹಚ್ಚಿ ಕೊಡು,” ಎಂದರು. ಮೊದಲು ತಮ್ಮನಿಗೆ ಎಂದರು, ಬೇಡ ಬೀಗರಿಗೆ ಎಂದರು, ಮತ್ತೆ ತಮ್ಮನಿಗೇ ಎಂದರು. ನಾನು ನಂಬರು ಹುಡುಕುತ್ತಾ ಆದಷ್ಟು ತಡ ಮಾಡಿದೆ.

ಆಗ ಹಿತ್ತಿಲ ಬಾಗಿಲಿಂದ ಪಕ್ಕದ ಮನೆ ಅಕ್ಕ ಬಂದರು, ಕೈಯಲ್ಲಿ ಬಟ್ಟಲು. ಅವರ ಮನೆಯ ಮುಂದೆ ಯಜಮಾನರು ಹತ್ತು ಜನರನ್ನು ಕೂರಿಸಿಕೊಂಡು, ನಮ್ಮ ಪಂಚಾಯ್ತಿಯ ಹೆಂಗಸರ ಮತ ಪೂರ್ತಿ ನಮ್ಮದೇ ಎಂದು ಲೆಕ್ಕ ಹೇಳುತ್ತಿದ್ದುದು ಇಲ್ಲಿಯವರೆಗೆ ಕೇಳುತ್ತಿತ್ತು.

“ಒಂಚೂರು ಹೆಪ್ಪು ಕೊಡ್ತೀಯೇನಮ್ಮ? ಬೆಳಗಿಂದ ಈ ಗಂಡಸ್ರಿಗೆ ಮಜ್ಜಿಗೆ ಮಾಡಿ ಮಾಡಿ ಮೊಸರೆಲ್ಲ ಖಾಲಿ.”

ಹೆಪ್ಪು ಹಾಕಿಕೊಟ್ಟೆ. ಅಕ್ಕ ಬಟ್ಟಲ ಮೇಲೆ ಸೆರಗು ಮುಚ್ಚಿಕೊಂಡು ಹೊರಟವರು, ಗೋಡೆಗೊರಗಿದ್ದ ಅತ್ತೆಯನ್ನು ನೋಡಿ ಬಾಗಿಲಲ್ಲೇ ತಿರುಗಿದರು.

“ಆ ನೇರಳೆ ಪೆನ್ನು ಏನ್ ಚೆನ್ನಾಗಿತ್ತಲ್ವಾ ಅತ್ತಮ್ಮ? ಸಾಲ್ನಲ್ಲಿ ಎಲ್ರ ಅಂಗೈ ಮ್ಯಾಲೂ ನೀವು ಬೆರಳಲ್ಲಿ ಬರೆದು ತೋರಿಸಿದ್ದು ಒಳ್ಳೇದೇ ಆಯ್ತು ಬಿಡಿ, ಇಲ್ದಿದ್ರೆ ನಾವ್ ನಾಕು ಜನಾನೂ ಮೇಲೆ ಶ್ರೀ ಹಾಕೋದ್ನೇ ಮರೆತ್ಬಿಡ್ತಿದ್ವಿ.”